ಚುಚ್ಚದ ಹೊಲಿಗೆ

ಜೂನ್ ೧೨, ಗುರುವಾರ

ಕ್ಯಾನ್ಸರಿಗೆ ಎಡಸ್ತನ ತೆಗೆಸಿ ಎರಡು ತಿಂಗಳಾದರೂ ನನ್ನ ಟೈಲರ್ ಅಂಗಡಿಯ ಬಾಗಿಲು ತೆರೆಯಲು ಧೈರ್ಯ ಬಂದಿರಲಿಲ್ಲ. ಎಲ್ಲರ ಕಣ್ಣೂ ಎದೆಯ ಮೇಲೇ ಬೀಳುತ್ತದೆಂಬ ಅಂಜಿಕೆ. ಇಂದು ಆಸ್ಪತ್ರೆಯ ನೆರವು ಸಂಘದಲ್ಲಿ ನಿವೃತ್ತ ಬಸ್ ಕಂಡಕ್ಟರಮ್ಮ ಒಬ್ಬರು ಒಳಉಡುಪಿನೊಳಗೆ ಇಟ್ಟುಕೊಳ್ಳುವ ಹತ್ತಿಯ ಮೆತ್ತೆ ಕೊಟ್ಟರು. ಅವರಿಗೂ ಇದೇ ಆಪರೇಷನ್ ಆಗಿ ಹನ್ನೊಂದು ವರ್ಷವಾಯಿತಂತೆ.

"ಬೇಜಾರು ಮಾಡ್ಕೋಬೇಡಿ ಅಕ್ಕ, ಈ ಹೊಲಿಗೆ ಚುಚ್ಚುತ್ತೆ. ಯಾರು ಹೊಲಿದಿದ್ದು?" ಎಂದೆ.

"ನಾನೇ ಕಣಮ್ಮ. ಟಿಕೆಟ್ ಹರಿದ ಕೈ, ಇಷ್ಟೇ ಬರೋದು."

ಎಷ್ಟೋ ದಿನದ ಮೇಲೆ ನಕ್ಕುಬಿಟ್ಟೆ. ಅಲ್ಲೇ ಕೂತು ಅವರ ಚೀಲದಲ್ಲಿದ್ದ ಮೆತ್ತೆಗಳನ್ನೆಲ್ಲ ಬಿಚ್ಚಿ, ಹೊಲಿಗೆಯನ್ನು ಒಳಮುಖ ಮಾಡಿ ಆರು ಮೆತ್ತೆ ಹೊಲಿದುಕೊಟ್ಟೆ. ಏಳನೆಯದನ್ನು ಹಾಕಿಕೊಂಡೇ ಮನೆಗೆ ನಡೆದು ಬಂದೆ.

ಎಡಗೈ ಸೆಳೆಯುತ್ತಿದೆ, ನಿದ್ದೆ ಒತ್ತರಿಸುತ್ತಿದೆ. ಈ ಮೆತ್ತೆಗಳಿಗೆ ಇನ್ನೂ ಮೃದುವಾದ ಬಟ್ಟೆ ಬೇಕು, ನಾಳೆ ಅಂಗಡಿ ತೆರೆಯಲೇಬೇಕು. ಅಂಗಡಿಯಲ್ಲಿದ್ದ ಆ ತೆಳು ನೀಲಿ ವಾಯಿಲ್ ಬಟ್ಟೆಯ ತುಂಡು ಎಲ್ಲಿಟ್ಟೆನೋ...