ಅಮಾವಾಸ್ಯೆ ಗೊತ್ತಿಲ್ಲದ ಬಿಲ್ಲು

೧೦ ಆಗಸ್ಟ್ ೨೦೧೮, ಶುಕ್ರವಾರ. ಸಂಜೆ

ಬನಹಟ್ಟಿಯಿಂದ ಲೋಡಾಗಿ ನನ್ನ ಲಾರಿ ಬಂತು. ಜಮಖಂಡಿಯ ನಮ್ಮ ಶೆಡ್ಡಿನಲ್ಲೇ ನಿಲ್ಲಿಸಿದೆ. ತಾರವ್ವನ ಸೀರೆ ಗಂಟುಗಳು. ಗಂಡ ಹೋದ ಮೇಲೆ ನಾಲ್ಕು ಮಗ್ಗ ತಾನೇ ನಡೆಸುತ್ತಾಳೆ. ಇಷ್ಟು ದಿನ ದಲಾಲರ ಕೈಗೆ ಕೊಡುತ್ತಿದ್ದಳು. ಈ ಸಲ ಮೊದಲ ಬಾರಿ ತನ್ನ ಹೆಸರಲ್ಲೇ, ನೇರ ವಿಜಯಪುರದ ನಂದಕಿಶೋರನ ಅಂಗಡಿಗೆ. ಪಂಚಮಿ ಬುಧವಾರ. ಅಷ್ಟರೊಳಗೆ ಮುಟ್ಟದಿದ್ದರೆ ಆ ಸೀರೆಗೆ ಗಿರಾಕಿ ಇಲ್ಲ.

ಫೋನಿಗೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸುವ ಸರಕಾರಿ ಚೀಟಿ, ಕಳಿಸಿದ್ದಾಳೆ. ಕಳಿಸುವವರು, ಒಯ್ಯುವವರು, ಕೊಳ್ಳುವವರು — ಮೂವರಿಗೂ ಕಂಪ್ಯೂಟರಿನಲ್ಲೇ ಕಾಣಬೇಕಂತೆ. ಮಾಲು ಕಣ್ಣಿಗೆ ಕಂಡರೆ ಸಾಲದು. ದರಿದ್ರ.

ನಾಳೆ ನಾಗರ ಅಮಾವಾಸ್ಯೆ. ಲಾರಿ ಕದಲುವುದಿಲ್ಲ.

೧೧, ಶನಿವಾರ

ಬೆಳಿಗ್ಗೆಯೇ ತಾರವ್ವನ ಫೋನು.

“ಅಣ್ಣಾ, ಗಾಡಿ ಇನ್ನೂ ನಿಂತೈತಂತಲ್ಲ?”

“ಅಮಾಸಿ ಐತವ್ವ. ನಾಳೆ ನಸುಕಿನ್ಯಾಗ ಬಿಡ್ತೇನಿ.”

“ಬಿಲ್ಲಿನ ಮುದ್ದತು ಇವತ್ತ ರಾತ್ರಿಗೆ ಮುಗೀತೈತಿ. ನೂರು ಕಿಲೋಮೀಟರಿಗೆ ಒಂದ ದಿನ, ಅಷ್ಟ.”

“ಅಮಾಸಿ ದಿನ ಗಾಲಿ ಉರುಳಿಸಿ ಏನರ ಆದ್ರ, ಆ ಕಂಪ್ಯೂಟರ್ ಬಂದು ಕಾಯ್ತೈತೇನು?”

“ಅದಕ್ಕ ಅಮಾಸಿ ಗೊತ್ತಿಲ್ಲಣ್ಣಾ.”

“ಗೊತ್ತ ಮಾಡ್ಸು!”

ಕಟ್ ಮಾಡಿದೆ. ನನಗೇ ಬುದ್ಧಿ ಹೇಳುತ್ತಾಳೆ! ಮೂರನೇ ಇಯತ್ತೆ ಬಿಟ್ಟು ಗಾಡಿ ಹತ್ತಿದವನು ನಾನು. ಇವತ್ತಿನವರೆಗೆ ಒಂದು ಅಮಾವಾಸ್ಯೆಗೂ ಲೋಡು ಬಿಟ್ಟಿಲ್ಲ. ಕಾಯಿ ಒಡೆದೆ. ನಿಂಬೆಹಣ್ಣು ಕಟ್ಟಿದೆ.

೧೨, ಭಾನುವಾರ. ಮಧ್ಯಾಹ್ನ

ಹಿಡಿದರು. ಬಬಲೇಶ್ವರದ ಈಚೆ, ತೆರಿಗೆ ಇಲಾಖೆಯವರು. ಡ್ರೈವರ್ ಸಿದರಾಯನ ಫೋನು.

“ಕಾಕಾ, ಬಿಲ್ಲು ಸತ್ತೈತಿ ಅಂತಾರ್ರಿ.”

“ಬಿಲ್ಲೇನು ಎಮ್ಮಿ ಏನಲೇ, ಸಾಯಾಕ?”

“ನನ್ನ ಮ್ಯಾಲ ಯಾಕ ಹಾರಾಡ್ತೀರಿ? ನಾ ನಿನ್ನೇನ ಹೊಂಟ ನಿಂತಿದ್ದೆ. ಬಿಟ್ರೇನು ನೀವು?”

ಫೋನು ಗೋಡೆಗೆ ಒಗೆಯುವವನಿದ್ದೆ. ಗೋಡೆಗೆ ಮೊನ್ನೆಯಷ್ಟೇ ಸುಣ್ಣ ಹೊಡೆಸಿದ್ದು...

೧೪, ಮಂಗಳವಾರ. ರಾತ್ರಿ

ನಿನ್ನೆ ಬರೆಯಲಿಲ್ಲ. ಕಚೇರಿ, ಸಹಿ, ದಂಡ. ದಂಡ ನಾನೇ ಕಟ್ಟಿದೆ. ಇವತ್ತು ಬೆಳಿಗ್ಗೆ ಲಾರಿ ಬಿಟ್ಟರು. ನಾನೂ ಹತ್ತಿ ಕುಳಿತೆ. ನೇರ ವಿಜಯಪುರ.

ನಂದಕಿಶೋರ ಗಾದಿ ಬಿಟ್ಟು ಏಳಲಿಲ್ಲ. “ಕಾಕಾ, ನಾ ನಿನ್ನೇನ ಆ ಬಿಲ್ಲಿಗೆ ರಿಜೆಕ್ಟ್ ಒತ್ತೇನ್ರಿ. ಬ್ಯಾರೆ ಕಡೆ ಮಾಲು ತಗೊಂಡೆ.”

“ಲಾರಿ ನಿನ್ನ ಬಾಗಲದಾಗ ನಿಂತೈತಿ. ಕಣ್ಣು ಬಿಟ್ಟ ನೋಡು!”

“ಮೊಬೈಲಿನ್ಯಾಗ ಇಲ್ಲಲ್ರಿ.”

ಹೊರಗೆ ಬಂದೆ. ಬಜಾರಿನ ತುಂಬ ಹೆಂಗಸರು, ನಾಳೆಯ ಪಂಚಮಿಗೆ. ತಾರವ್ವನಿಗೆ ಫೋನು ಹಚ್ಚಿ ಹೇಳಿದೆ. ಬೈಯಲಿಲ್ಲ. “ಅಲ್ಲೇ ಗಂಟು ಬಿಚ್ಚಿ ಮಾರು. ನಾ ಹೊಂಟೆ” ಎಂದಳು.

“ಸಿದರಾಯಾ, ತಾಡಪತ್ರಿ ಬಿಚ್ಚಲೇ! ಇಲ್ಲೇ, ಇವನ ಅಂಗಡಿ ಮುಂದ!”

ಕೂಗಿ ಕೂಗಿ ಗಂಟಲು ಹರಿಯಿತು. ಮಧ್ಯಾಹ್ನದ ಬಸ್ಸಿಗೆ ಬಂದ ತಾರವ್ವ ಸೆರಗು ಕಟ್ಟಿ ಲಾರಿ ಹತ್ತಿದಳು.

“ಅಣ್ಣಾ, ನೀ ಸುಮ್ಮ ಕೂಡು. ಗಿರಾಕಿ ಅಂಜಿ ಓಡಾಕತ್ತಾರ.”

ಸಂಜೆಗೆ ಮುಕ್ಕಾಲು ಪಾಲು ಹೋಯಿತು. ಆಗ ನಂದಕಿಶೋರ ಹೊರಗೆ ಬಂದ. “ಅಕ್ಕಾರ, ಉಳಿದದ್ದು ನನಗ ಹಾಕ್ರಿ. ಹೊಸಾ ಬಿಲ್ ಮಾಡಿದ್ರಾತು.”

ನಾನು ಬಾಯಿ ತೆರೆದೆ. ತಾರವ್ವ ಕೈ ಅಡ್ಡ ಹಿಡಿದಳು.

“ಬೇಕಾದ್ರ ಸಾಲಿನ್ಯಾಗ ನಿಂದರ್ರಿ. ಈ ಅಕ್ಕನ ಹಿಂದ.”

೧೫, ಬುಧವಾರ. ಪಂಚಮಿ

ಸಿದರಾಯನ ಕೈಯಲ್ಲಿ ತಾರವ್ವ ಉಂಡಿ ಕಳಿಸಿದ್ದಾಳೆ. ಜೊತೆಗೊಂದು ಮಾತು — ಗಣಪತಿ ಹಬ್ಬದ ಲೋಡಿಗೆ ಬೇರೆ ಗಾಡಿ ಗೊತ್ತು ಮಾಡಿದ್ದಾಳಂತೆ. ಹೇಳುವಾಗ ನಗುತ್ತಿದ್ದಳೇನು ಅಂತ ಅವನನ್ನು ಕೇಳಿದೆ. ಇಲ್ಲವಂತೆ.

ಬಿಸಿಲಲ್ಲಿ ನಿಂತು ಕೂಗಿದವನು ನಾನು. ದಂಡ ಕಟ್ಟಿದವನು ನಾನು. ಮತ್ತೆ... ನಿಲ್ಲಿಸಿದವನೂ ನಾನೇ, ಹೌದು.

ಉಂಡಿ ವಾಪಸು ಕಳಿಸಬೇಕು. ಆಗಲೇ ಎರಡು ತಿಂದಾಗಿದೆ.

ಫೋನು ಮಾಡುತ್ತೇನೆ. ಕೂಗಾಡುವುದಿಲ್ಲ. ಸುಮ್ಮನೆ ಹೇಳುತ್ತೇನೆ. ತಂಗಿ, ಮುಂದಿನ ಲೋಡು ಅಮಾವಾಸ್ಯೆ ದಿನವೇ ಬಿದ್ದರೂ ನಾನು —