ಬೈರಮ್ಮಜ್ಜಿಯ ಸರ್ಕಾರಿ ಸಂಬಳ

ಯಡಿಯೂರು, ೧೯೬೬

ಮಾನ್ಯ ಗುರುಶಾಂತಪ್ಪನವರಿಗೆ ಸತ್ಯಭಾಮಾ ಮಾಡುವ ನಮಸ್ಕಾರಗಳು.

ಹೋದ ವರ್ಷ ವೃದ್ಧಾಪ್ಯ ವೇತನದ ತನಿಖೆಗೆಂದು ನೀವು ನಮ್ಮ ಪಕ್ಕದ ಬೈರಮ್ಮಜ್ಜಿಯ ಗುಡಿಸಲಿಗೆ ಬಂದದ್ದು ನೆನಪಿದೆಯೇ? ಅರ್ಜಿ ಬರೆದುಕೊಟ್ಟವಳು ನಾನೇ. ಆದಾಯವಿಲ್ಲ, ನೋಡಿಕೊಳ್ಳುವವರಿಲ್ಲ, ವಯಸ್ಸು ಅರವತ್ತೈದು ದಾಟಿದೆ ಎಂದು ಬರೆದದ್ದೆಲ್ಲ ನಿಜ. ಭತ್ತ ಕುಟ್ಟುವ ಶಕ್ತಿ ಹೋದ ಮೇಲೆ ಅಜ್ಜಿಗೆ ದಿನಕ್ಕೆ ಒಂದೇ ಮುದ್ದೆ. ನಾನು ಊಟ ಒಯ್ದರೆ, ‘ಈಗ್ತಾನೆ ಉಂಡೆ ಕಣವ್ವ’ ಎಂದು ಸುಳ್ಳೇ ತೇಗಿ ತೋರಿಸುತ್ತಿದ್ದರು.

ಆದರೆ ಆಫೀಸರು ಬರುತ್ತಾರೆಂದು ತಿಳಿದದ್ದೇ ತಡ, ಬೀದಿಯೆಲ್ಲ ಸುತ್ತಿ ಮನೆ ಸಿಂಗರಿಸಿಬಿಟ್ಟರು. ಇವತ್ತು ಹೇಳಿಬಿಡುತ್ತೇನೆ: ನೀವು ಕುಳಿತ ಕುರ್ಚಿ ಎದುರುಮನೆ ಜಯದೇವಪ್ಪನವರದು, ಕಾಫಿ ಕುಡಿದ ಬೆಳ್ಳಿ ಲೋಟ ನಮ್ಮದು, ಅಜ್ಜಿ ಉಟ್ಟಿದ್ದು ನನ್ನ ಮದುವೆಯ ಧರ್ಮಾವರಂ ಸೀರೆ. ಅಂಥ ಬಡತನ ಕಂಡು ನೀವು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ.

‘ನಿಮಗೆ ಯಾರೂ ಇಲ್ವಂತೆ?’ ಎಂದಿರಿ.

‘ಯಾವನ್ ಹೇಳಿದ್ದು? ಇಡೀ ಬೀದೀನೇ ಐತೆ!’

‘ವಯಸ್ಸು?’

‘ಐವತ್ತು ಅಂತ ಬರ್ಕೊಳ್ಳಿ.’

ಬಾಗಿಲ ಮರೆಯಲ್ಲಿ ನಾನು ಹಣೆ ಚಚ್ಚಿಕೊಂಡೆ.

ನೀವು ಫೈಲು ಕಟ್ಟಿ ಎದ್ದಿರಿ. ಅಷ್ಟರಲ್ಲಿ ಜಯದೇವಪ್ಪ ಬಂದು, ‘ಮನೇಗೆ ಬೀಗರು ಬಂದ್ಬಿಟ್ರು ಅಜ್ಜಿ, ಕುರ್ಚಿ ಬೇಕಿತ್ತು’ ಎಂದು ಅದನ್ನು ಹೊತ್ತುಕೊಂಡೇ ಹೋದರು. ಅಜ್ಜಿಯ ಮುಖ ಚಿಕ್ಕದಾಯಿತು. ನೀವು ಕೈಲಿದ್ದ ಲೋಟ ತಿರುಗಿಸಿ, ಅದರ ಮೇಲೆ ಕೆತ್ತಿದ್ದ ನಮ್ಮತ್ತೆಯ ಹೆಸರು ಓದಿದಿರಿ. ನಗಲಿಲ್ಲ. ಸುಮ್ಮನೆ ಚಾಪೆಯ ಮೇಲೆ ಕುಳಿತಿರಿ.

‘ಊರಿಗೆ ಪ್ಲೇಗ್ ಬಂದಾಗ ನೀವು ಎಷ್ಟು ದೊಡ್ಡೋರಮ್ಮ?’

‘ಕಂಕುಳಲ್ಲಿ ಮಗ ಇದ್ದ. ಅದ್ರಾಗೇ ಹೋದ. ಇದ್ದೋನು ಅವನೊಬ್ನೇ.’

ನೀವು ಲೋಟ ಕೆಳಗಿಟ್ಟಿರಿ. ಆಮೇಲೆ, ‘ಪ್ಲೇಗಿಗೇ ಅರವತ್ತೇಳು ವರ್ಷ ಆಯ್ತಲ್ಲಮ್ಮ’ ಎಂದು ಮೆಲ್ಲಗೆ ಹೇಳಿ ಪೆನ್ನು ತೆರೆದಿರಿ.

ಮೂರು ತಿಂಗಳಿಗೆ ಮೊದಲ ಮನಿಯಾರ್ಡರು ಬಂತು. ಅಷ್ಟರಲ್ಲಿ ನಿಮಗೆ ವರ್ಗವಾಗಿತ್ತು. ವಿಳಾಸ ಸಿಕ್ಕಿದ್ದು ಈಗ. ಅಜ್ಜಿ ಎರಡು ಹೊತ್ತೂ ಉಣ್ಣುತ್ತಾರೆ, ತೇಗೂ ನಿಜವಾದದ್ದೇ. ಪಿಂಚಣಿ ಅಂದರೆ ಮಾತ್ರ ಸಿಟ್ಟು, ‘ಸಂಬಳ’ ಅನ್ನಬೇಕು. ನಲ್ಲಿಯ ಹತ್ತಿರ ಯಾರೋ, ‘ಯಾವ ಕೆಲ್ಸಕ್ಕಜ್ಜಿ ಸಂಬಳ?’ ಎಂದು ಕೆಣಕಿದರು.

‘ಬದುಕಿರೋ ಕೆಲ್ಸಕ್ಕೆ’ ಎಂದರು ಅಜ್ಜಿ. ‘ಒಂದಿನಾನೂ ರಜಾ ಹಾಕಿಲ್ಲ ನಾನು.’

ನಿಮಗೂ ಬೇಗ ಮುಪ್ಪು ಬಂದು ಇಂಥದೇ ಸಂಬಳ ಸಿಗಲೆಂದು ಅಜ್ಜಿ ಮನಸಾರೆ ಹರಸಿದ್ದಾರೆ. ದಯವಿಟ್ಟು ತಪ್ಪು ತಿಳಿಯಬೇಡಿ.

ಇಂತಿ ಕೃತಜ್ಞತೆಯಿಂದ,
ಬೆಳ್ಳಿ ಲೋಟದ ಮನೆಯ
ಸತ್ಯಭಾಮಾ