ಮೂರು ಬೆರಳು ತೋರಿಸಿದ ಮೇಲ್ವಿಚಾರಕಿಯ ವಿವರಣೆ

ಜಿಲ್ಲಾ ಕೇಂದ್ರದಲ್ಲಿ ಪರದೆಯ ಮುಂದೆ ಕುಳಿತು ನಮ್ಮನ್ನೆಲ್ಲ ಕಾಯುವ ಪರೀಕ್ಷಾ ವೀಕ್ಷಣಾಧಿಕಾರಿಗಳಿಗೆ,

ಮಾನ್ಯರೇ, ನನ್ನ ಬೆವರನ್ನೂ ನನ್ನ ಬೆರಳನ್ನೂ ಸಾಕ್ಷಿಯಾಗಿಟ್ಟುಕೊಂಡು ತಾವು ಸ್ನೇಹಲ್ ಎಂಬ ಹುಡುಗಿಯ ಹತ್ತನೆಯ ತರಗತಿಯ ಫಲಿತಾಂಶವನ್ನು ತಡೆಹಿಡಿದಿದ್ದೀರಿ. ಬೆವರಿದವಳು ಒಬ್ಬಳು, ಶಿಕ್ಷೆ ಇನ್ನೊಬ್ಬಳಿಗೆ. ಈ ಹಂಚಿಕೆಯ ನ್ಯಾಯ ನನಗೆ ತಿಳಿಯದ ಕಾರಣ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ತಮ್ಮ ನೋಟಿಸಿನ ಭಾಷೆಗೊಂದು ನಮಸ್ಕಾರ. ಇಪ್ಪತ್ತಾರು ವರ್ಷ ಕನ್ನಡ ಕಲಿಸಿದ ನನಗೂ ಅಷ್ಟು ಬಿಗಿಯಾದ ವಾಕ್ಯ ಕೂಡಿಬಂದಿಲ್ಲ. ‘ಎಂ.ಕೆ. ಹುಬ್ಬಳ್ಳಿ ಕೇಂದ್ರದ ಐದನೇ ಕೊಠಡಿಯಲ್ಲಿ, ಗಣಿತ ಪರೀಕ್ಷೆಯ ದಿನ, ಮೇಲ್ವಿಚಾರಕಿಯು ನಾಲ್ಕು ಬಾರಿ ಕಿಟಕಿಯತ್ತ ಧಾವಿಸಿದ್ದು, ರಟ್ಟಿನಿಂದ ಗಾಳಿ ಬೀಸಿಕೊಂಡಿದ್ದು, ಅಸಹಜವಾಗಿ ಬೆವರಿದ್ದು, 11.30ಕ್ಕೆ ಮುಂದಿನ ಬೆಂಚಿನ ಅಭ್ಯರ್ಥಿನಿಯು ಏನನ್ನೋ ಕೇಳಲಾಗಿ ಮೂರು ಬೆರಳು ತೋರಿಸಿದ್ದು, ಅಭ್ಯರ್ಥಿನಿಯು ತಕ್ಷಣ ತಲೆ ತಗ್ಗಿಸಿ ಬರೆದದ್ದು ಕಂಡುಬಂದಿರುತ್ತದೆ.’ ಎಲ್ಲವೂ ನಿಜ. ಕ್ಯಾಮರಾ ಸುಳ್ಳು ಹೇಳುವುದಿಲ್ಲ. ಪಾಪ, ಅದಕ್ಕೆ ಕಿವಿಯಿಲ್ಲ, ಅಷ್ಟೇ. ಮೂರು ಬೆರಳೆಂದರೆ ಮೂರನೆಯ ಆಯ್ಕೆ, ಅಂದರೆ ‘ಸಿ’ ಎಂದು ತಾವು ಒಡಪು ಬಿಡಿಸಿದ್ದೀರಿ.

ಈಗ ಕ್ಯಾಮರಾಕ್ಕೆ ಕಾಣದ ಸಂಗತಿ. ಮೂರು ವರ್ಷದ ಹಿಂದೆ ನನಗೆ ಸ್ತನ ಕ್ಯಾನ್ಸರ್ ಆಯಿತು. ನೇಸರಗಿಯ ನನ್ನ ಶಾಲೆಯಲ್ಲಿ ಎಲ್ಲರೂ ಅದನ್ನು ಸೊಂಟನೋವೆಂದು ತಿಳಿದಿದ್ದಾರೆ. ಹಾಗೆ ತಿಳಿಸಿದವಳು ನಾನೇ. ಆಪರೇಷನ್ ಆಯಿತು, ಕೂದಲು ಹೋಗಿ ಬಂತು, ರಜೆ ಮುಗಿಯಿತು. ಉಳಿದದ್ದು ಒಂದು ಸಣ್ಣ ಹಳದಿ ಗುಳಿಗೆ: ದಿನಕ್ಕೊಂದರಂತೆ ಐದು ವರ್ಷ. ಮೈಯಲ್ಲಿ ಉಳಿದ ಹೆಣ್ಣು ಹಾರ್ಮೋನನ್ನು ಬತ್ತಿಸಿ ರೋಗಕ್ಕೆ ಮೇವು ಸಿಗದಂತೆ ಮಾಡುವುದು ಅದರ ಕೆಲಸ. ಅದು ನಿಷ್ಠಾವಂತ ನೌಕರ. ಹೇಳದ ಕೆಲಸಗಳನ್ನೂ ಮಾಡುತ್ತದೆ. ದಿನಕ್ಕೆ ಏಳೆಂಟು ಸಲ ಎದೆಯಿಂದ ಝಳವೆದ್ದು ಮುಖಕ್ಕೇರಿ, ಬೆಲ್ಲದ ಕೊಪ್ಪರಿಗೆಯ ಮುಂದೆ ನಿಂತವಳಂತೆ ತೊಯ್ದುಹೋಗುತ್ತೇನೆ. ಬೆಳಿಗ್ಗೆ ನನ್ನ ಮೊಣಕಾಲುಗಳು ನನಗಿಂತ ಅರ್ಧ ಗಂಟೆ ತಡವಾಗಿ ಏಳುತ್ತವೆ. ಬಲಗೈಯ ಉಂಗುರ ಬೆರಳು ಮಡಚಿದರೆ ಹಾಗೇ ಸಿಕ್ಕಿಕೊಳ್ಳುತ್ತದೆ. ಎಡಗೈಯಿಂದ ಎಳೆದರೆ ಮಾತ್ರ ಕಟಕ್ ಎಂದು ಬಿಚ್ಚುತ್ತದೆ.

ಆ ದಿನ ಹಾಳೆಗಳು ಹಾರುತ್ತವೆಂದು ಮಕ್ಕಳು ಫ್ಯಾನ್ ಬಂದ್ ಮಾಡಿಸಿದ್ದರು. ಝಳ ಬಂತು. ಸ್ನೇಹಲ್ ತಲೆಯೆತ್ತಿ ಕೇಳಿದ್ದು ಇಷ್ಟೇ: “ಟೀಚರ್, ಆರಾಮ ಅದೀರಿಲ್ರಿ? ನೀರ ಕುಡೀರಿ.” ಏನಿಲ್ಲ, ನೀನು ಬರೆ ಎಂದು ಕೈಯೆತ್ತಿದೆ. ಎತ್ತಿದ ಕೈಯಲ್ಲಿ ಉಂಗುರ ಬೆರಳು ಮಡಚಿಕೊಂಡೇ ಇತ್ತು. ಹೆಬ್ಬೆರಳನ್ನು ತಾವು ಎಣಿಕೆಗೆ ಹಿಡಿಯದ್ದರಿಂದ ಮೂರಾಯಿತು. ಹಿಡಿದಿದ್ದರೆ ‘ಡಿ’ ಆಗುತ್ತಿತ್ತು. ಬಹು ಆಯ್ಕೆಯ ಎಂಟು ಪ್ರಶ್ನೆಗಳನ್ನು ಆಕೆ ಮೊದಲ ಕಾಲು ಗಂಟೆಯಲ್ಲೇ ಮುಗಿಸಿದ್ದಳು. ನಾನು ಕೈಯೆತ್ತಿದಾಗ ಬರೆಯುತ್ತಿದ್ದದ್ದು ಪ್ರಮೇಯ. ಮೂರು ಬೆರಳಿನಲ್ಲಿ ಪ್ರಮೇಯ ಸಾಧಿಸಿ ತೋರಿಸುವ ಶಕ್ತಿ ನನಗಿದ್ದಿದ್ದರೆ ನಾನೇಕೆ ಕನ್ನಡ ಶಿಕ್ಷಕಿಯಾಗಿರುತ್ತಿದ್ದೆ?

ಇದನ್ನೆಲ್ಲ ಬರೆದು, ವೈದ್ಯರ ಪತ್ರ ಲಗತ್ತಿಸಿ, ಲಕೋಟೆ ಮುಚ್ಚಿ ತಮ್ಮ ಕಚೇರಿಗೆ ಕೊಟ್ಟೆ. ಅಲ್ಲಿನ ಗುಮಾಸ್ತರು ಲಕೋಟೆ ಒಡೆದು, ಹನ್ನೆರಡು ಜನರ ನಡುವೆ ಜೋರಾಗಿಯೇ ಓದಿದರು. ನನ್ನ ಸೊಂಟನೋವು ಅಲ್ಲಿಗೆ ವಾಸಿಯಾಯಿತು.

“ಮೇಡಂ, ಜಡ್ಡು ಎದಿಗೆ ಆಗಿತ್ತ್ರಿ. ನೋಟೀಸ್ ಬೆರಳಿನ ಮ್ಯಾಲ ಐತ್ರಿ. ಎದಿಗೂ ಬೆರಳಿಗೂ ಸಂಬಂಧ ತೋರಸ್ರಿ.”

“ಸಂಬಂಧ ಗುಳಿಗೀದ್ರಿ.”

“ಗುಳಿಗಿ ಯಾಕ್ರಿ? ಆರಾಮ ಆಗೇನಿ ಅಂತ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟೀರಲ್ಲ?”

“ಆರಾಮ ಇರಾಕ ತಗೊಳ್ಳೂದ್ರಿ ಅದು.”

ಅವರು ನನ್ನ ಮೇಲಿನ ಕಳಕಳಿಯಿಂದಲೇ ಹೇಳಿದರು: “ಹಂಗಾರ ಪರೀಕ್ಷಾ ಇದ್ದಾಗ ಒಂದ್ ಎಂಟ್ ದಿನ ಬಿಟ್ಟುಬಿಡ್ರಿ. ಕ್ಯಾಮರಾದಾಗ ಚಂದ ಕಾಣತೀರಿ.”

ಅವರನ್ನು ದೂರುವುದಿಲ್ಲ. ರಜೆ ಮುಗಿದರೆ ರೋಗವೂ ಮುಗಿಯಬೇಕೆಂಬುದು ನಮ್ಮ ಬೀಗರಿಂದ ಹಿಡಿದು ತಮ್ಮ ಇಲಾಖೆಯವರೆಗೆ ಸರ್ವರ ಅಭಿಪ್ರಾಯ.

ಸ್ನೇಹಲ್‌ಳ ತಾಯಿ ಗಂಗಾ ಹೊಲಿಗೆ ಕೆಲಸದವರು. ಮರುವಾರ ಜಗಳಕ್ಕೆಂದೇ ನಮ್ಮ ಮನೆಗೆ ಬಂದರು.

“ಅಕ್ಕೋರ, ನಿಮ್ಮ ಒಂದ್ ಬೆರಳು ನನ್ನ ಮಗಳಿಗೆ ಕಾಲೇಜ ತಪ್ಪಸಾಕ ಹತ್ತೈತಿ.”

ನಾನು ಬೆರಳು ಮಡಚಿ ಮುಂದೆ ಹಿಡಿದೆ. ಅವರು ಎಳೆದರು. ಅದು ಕಟಕ್ ಎಂದದ್ದೇ ಬೆಚ್ಚಿ ಕೈಬಿಟ್ಟರು.

“ನಮ್ಮವ್ವ! ಇದನ್ನ ಹೋಗಿ ಸಾಹೇಬರಿಗೆ ತೋರಸ್ರಿ.”

“ತೋರಿಸಿದ್ರ ಅವರಿಗೂ ‘ಸಿ’ ಹೇಳಿಕೊಟ್ಟಂಗ ಆಕ್ಕೈತೆವ್ವ.”

ಅವರು ನಗಲಿಲ್ಲ. “ಆಕಿ ನೀರ ಕುಡೀರಿ ಅಂದದ್ದು ತಪ್ಪಾತೇನ್ರಿ? ಇನ್ನಮ್ಯಾಲೆ ಯಾರನ್ನೂ ಆರಾಮ ಅದೀರೇನು ಅಂತ ಕೇಳಬ್ಯಾಡ ಅಂತ ಹೇಳ್ಲೇನ್ರಿ ಆಕಿಗೆ?”

ಮಾನ್ಯರೇ, ಈ ಪ್ರಶ್ನೆಗೆ ನಾಲ್ಕು ಆಯ್ಕೆಗಳಿಲ್ಲ. ಸರ್ಕಾರದ ಪರವಾಗಿ ತಾವೇ ಉತ್ತರ ಬರೆದು ಕಳಿಸಬೇಕು.

ಇನ್ನೊಂದು ತಪ್ಪನ್ನು ನಾನೇ ಹೇಳಿಬಿಡುತ್ತೇನೆ. ಇದು ಯಾವ ಕ್ಯಾಮರಾದಲ್ಲೂ ಇಲ್ಲ. ತಮ್ಮ ವಿಚಾರಣೆಗೆ ಒಣ ಮುಖ, ನೆಟ್ಟನೆಯ ಬೆರಳು ಹೊತ್ತು ಬರೋಣವೆಂದು ಹನ್ನೊಂದು ದಿನ ಗುಳಿಗೆ ಬಿಟ್ಟಿದ್ದೆ. ರೋಗ ದೂರವಿದೆ, ತಮ್ಮ ಕಚೇರಿ ಹತ್ತಿರವಿದೆ ಎಂದು ಅನ್ನಿಸಿತ್ತು. ಝಳ ನಿಲ್ಲಲಿಲ್ಲ, ಬೆರಳೂ ಬಿಚ್ಚಲಿಲ್ಲ. ಹೆದರಿಕೆಯೊಂದು ಹೊಸದಾಗಿ ಸೇರಿಕೊಂಡಿತು. ಹನ್ನೆರಡನೆಯ ದಿನ ಮತ್ತೆ ನುಂಗಿದೆ.

ಆದ್ದರಿಂದ ನನ್ನ ಬೇಡಿಕೆ. ಸ್ನೇಹಲ್‌ಳ ಉತ್ತರ ಪತ್ರಿಕೆಯನ್ನು ತೆರೆದು ನೋಡಿ; ಎಂಟರಲ್ಲಿ ಎಷ್ಟಕ್ಕೆ ‘ಸಿ’ ಎಂದು ಬರೆದಿದ್ದಾಳೆ ಎಣಿಸಿ. ಇದಕ್ಕೆ ಪರದೆ ಬೇಡ, ಕನ್ನಡಕ ಸಾಕು. ಕಾಲೇಜು ಪ್ರವೇಶ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಅದರೊಳಗೆ ಅವಳ ಫಲಿತಾಂಶ ಬಿಡಿ. ನನ್ನ ವಿಚಾರಣೆ ಎಷ್ಟು ದಿನ ಬೇಕಾದರೂ ನಡೆಯಲಿ, ನನಗೆ ಇನ್ನೂ ಮೂರು ವರ್ಷದ ಗುಳಿಗೆ ಬಾಕಿ ಇದೆ. ಕರೆದ ದಿನ ಗುಳಿಗೆ ನುಂಗಿಯೇ ಬರುತ್ತೇನೆ. ತಮ್ಮೆದುರು ಬೆವರುತ್ತೇನೆ. ಅದನ್ನು ತಪ್ಪೊಪ್ಪಿಗೆ ಎಂದು ಬರೆದುಕೊಳ್ಳಬೇಡಿ.

ಇಂತಿ,
ತಮ್ಮ ಇಲಾಖೆಯ ದಾಖಲೆಯ ಪ್ರಕಾರ ಸಂಪೂರ್ಣ ಗುಣಮುಖಳಾದ
ಗುರುಬಸವ್ವ, ಕನ್ನಡ ಶಿಕ್ಷಕಿ, ನೇಸರಗಿ
(ಸಹಿ ವಕ್ರವಾಗಿದ್ದರೆ ಬೆರಳನ್ನು ಕೇಳಿ)